ಇದು ಮೈಕೈ ನೋವಿನ ಕಾಯಿಲೆಯಾ, ನರದ ಕಾಯಿಲೆಯಾ? ಹೇಗೆ ಗೊತ್ತು ಮಾಡಿಕೊಳ್ಳುವುದು?

ಮಂಡ್ಯ ಟೀಚರ್

ಎಲ್ಲರಿಗೂ ನಮಸ್ಕಾರ. ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನನಗೆ 36 ವರ್ಷ. ಮಂಡ್ಯದಲ್ಲಿ ಹೈಸ್ಕೂಲ್ ಟೀಚರ್. ಎರಡು ವರ್ಷದಿಂದ ಮೈಯೆಲ್ಲಾ ನೋವು. ಕುತ್ತಿಗೆ, ಎರಡೂ ಭುಜ, ಸೊಂಟ, ತೊಡೆ, ಎಲ್ಲಿ ಒತ್ತಿದರೂ ಜೀವ ಹೋಗುತ್ತದೆ. ರಾತ್ರಿ ಎಂಟು ಗಂಟೆ ಹೊತ್ತು ಮಲಗಿದರೂ ಬೆಳಗ್ಗೆ ಏಳುವಾಗ ಗದ್ದೆ ಕೆಲಸ ಮಾಡಿ ಬಂದವಳ ಹಾಗೆ ಇರುತ್ತೇನೆ. ಪಾಠ ಮಾಡುತ್ತಾ ಮಾಡುತ್ತಾ ಮಧ್ಯದಲ್ಲಿ ಗೊತ್ತಿರುವ ಪದವೇ ನೆನಪಿಗೆ ಬರುವುದಿಲ್ಲ. ಥೈರಾಯ್ಡ್, ಇಎಸ್‌ಆರ್, ಆರ್‌ಎ ಫ್ಯಾಕ್ಟರ್, ವಿಟಮಿನ್ ಡಿ ಎಲ್ಲಾ ಮಾಡಿಸಿದೆವು. ವಿಟಮಿನ್ ಡಿ ಕಮ್ಮಿ ಇತ್ತು, ಅದಕ್ಕೆ ಮಾತ್ರೆ ತಗೊಂಡೆ, ಈಗ ಸರಿಯಿದೆ. ಹೋದ ವರ್ಷ ಒಬ್ಬ ಡಾಕ್ಟರ್ ಇದು ಫೈಬ್ರೊಮಯಾಲ್ಜಿಯ, ಮೈಕೈ ನೋವಿನ ಕಾಯಿಲೆ ಅಂದರು. ಸಂಜೆ ಒಂದು ಮಾತ್ರೆ ಕೊಟ್ಟರು, ದಿನಾ ನಡೆಯಿರಿ ಅಂದರು. ಸ್ವಲ್ಪ ಪರವಾಗಿಲ್ಲ ಅನ್ನಿಸಿತ್ತು.

ಈಗ ಆರು ತಿಂಗಳಿಂದ ಹೊಸದಾಗಿ ಜೋಮು ಶುರುವಾಗಿದೆ. ಮೊದಲು ಎರಡೂ ಪಾದದಲ್ಲಿ, ಈಗ ಬೆರಳ ತುದಿಗಳಲ್ಲೂ. ಅದೇ ಡಾಕ್ಟರ ಹತ್ತಿರ ಹೋಗಿ ಹೇಳಿದೆ. ಫೈಬ್ರೊಮಯಾಲ್ಜಿಯದಲ್ಲಿ ಇದೆಲ್ಲಾ ಇರುತ್ತದಮ್ಮ ಅಂದರು. ಕುರ್ಚಿಯಿಂದ ಏಳಲೂ ಇಲ್ಲ, ನನ್ನ ಕಾಲು ಮುಟ್ಟಿ ನೋಡಲೂ ಇಲ್ಲ. ನಮ್ಮ ಚಿಕ್ಕಮ್ಮನ ಕಡೆ ಒಬ್ಬ ಹುಡುಗಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಅನ್ನುವ ನರದ ಕಾಯಿಲೆ ಇದೆ. ಅವಳಿಗೂ ಶುರುವಾಗಿದ್ದು ಜೋಮು, ಸುಸ್ತಿನಿಂದಲೇ ಅಂತೆ. ಅದನ್ನು ಕೇಳಿದಾಗಿನಿಂದ ರಾತ್ರಿ ನಿದ್ದೆ ಬರುತ್ತಿಲ್ಲ. ಮನೆಯಲ್ಲಿ ಅತ್ತೆ "ಮನಸ್ಸಿಗೆ ಹಚ್ಕೊಂಡಿದ್ದೀಯ ಕಣಮ್ಮ, ಏನೂ ಇಲ್ಲ" ಅನ್ನುತ್ತಾರೆ. ಅವರು ಪ್ರೀತಿಯಿಂದಲೇ ಹೇಳುವುದು, ಆದರೂ ಬೇಜಾರಾಗುತ್ತದೆ.

ನೋವಿನ ಕಾಯಿಲೆಗೂ ನರದ ಕಾಯಿಲೆಗೂ ವ್ಯತ್ಯಾಸ ಕಂಡುಹಿಡಿಯುವುದು ಹೇಗೆ? ನೇರವಾಗಿ ಎಂಆರ್‌ಐ ಮಾಡಿಸಿಬಿಡಲಾ?

ಕುಕ್ಕರಹಳ್ಳಿ ಅಕ್ಕ

ತಂಗಿ, ಮೊದಲು ಒಂದು ಮಾತು. ನಿನಗೆ ಆಗುತ್ತಿರುವುದು ನಿಜ. ಮನಸ್ಸಿಗೆ ಹಚ್ಚಿಕೊಂಡು ಬಂದಿದ್ದಲ್ಲ. ನನಗೆ ಫೈಬ್ರೊ ಬಂದು ಹನ್ನೊಂದು ವರ್ಷ ಆಯಿತು, ಮೈಸೂರಲ್ಲೇ ಇದ್ದೇನೆ, ಈ ಮಾತನ್ನು ನನಗೆ ಯಾರಾದರೂ ಮೊದಲ ವರ್ಷವೇ ಹೇಳಿದ್ದರೆ ಎಷ್ಟೋ ಅಳು ಉಳಿಯುತ್ತಿತ್ತು.

ನಮ್ಮ ಕಾಯಿಲೆಯಲ್ಲಿ ನರ ತುಂಡಾಗಿರುವುದಿಲ್ಲ, ಸ್ನಾಯು ಕೊಳೆತಿರುವುದಿಲ್ಲ. ಮೆದುಳು ಮತ್ತು ಬೆನ್ನುಹುರಿ ನೋವಿನ ಸುದ್ದಿಯನ್ನು ದೊಡ್ಡದು ಮಾಡಿ ತಗೊಳ್ಳುತ್ತವೆ. ಊರ ಹಬ್ಬದ ಮೈಕ್ ಸೆಟ್‌ನಲ್ಲಿ ವಾಲ್ಯೂಮ್ ಪೂರ್ತಿ ತಿರುಗಿಸಿಟ್ಟರೆ ಪೂಜಾರಪ್ಪ ಕೆಮ್ಮಿದ್ದೂ ಗುಡುಗಿನ ಹಾಗೆ ಕೇಳುತ್ತದೆ ಅಲ್ವಾ, ಹಾಗೆ. ಕೆಮ್ಮು ಸುಳ್ಳಲ್ಲ, ಸದ್ದೂ ಸುಳ್ಳಲ್ಲ. ಅದಕ್ಕೇ ರಕ್ತ ಪರೀಕ್ಷೆಯಲ್ಲಿ, ಎಕ್ಸ್‌ರೇಯಲ್ಲಿ ಏನೂ ಕಾಣುವುದಿಲ್ಲ.

ಮೊದಲೆಲ್ಲಾ ಮೈಮೇಲೆ 18 ಜಾಗ ಒತ್ತಿ ನೋಡುತ್ತಿದ್ದರು, 11 ಜಾಗ ನೋವಿದ್ದರೆ ಫೈಬ್ರೊ ಅನ್ನುತ್ತಿದ್ದರು. ಅದು 1990ರ ಲೆಕ್ಕ. 2010ರಲ್ಲಿ ಆ ಒತ್ತುವ ಲೆಕ್ಕ ಬಿಟ್ಟು, ಎಷ್ಟು ಜಾಗದಲ್ಲಿ ನೋವು, ಸುಸ್ತು ಎಷ್ಟು, ನಿದ್ದೆಯಿಂದ ಎದ್ದಾಗ ಹೇಗಿರುತ್ತೀರಿ, ನೆನಪು ಹೇಗಿದೆ ಅಂತ ಕೇಳಿ ಅಂಕ ಹಾಕುವ ಪದ್ಧತಿ ಬಂತು. 2016ರಲ್ಲಿ ಅದನ್ನೇ ಇನ್ನೊಂದಿಷ್ಟು ತಿದ್ದಿದರು. ಮೂರು ತಿಂಗಳಾದರೂ ಇದ್ದಿರಬೇಕು, ಮೈಯ ಐದು ಭಾಗದಲ್ಲಿ ನಾಲ್ಕರಲ್ಲಿ ನೋವಿರಬೇಕು. ಆ ತಿದ್ದುಪಡಿಯಲ್ಲಿ ಇನ್ನೊಂದು ಮಾತು ಸ್ಪಷ್ಟವಾಗಿದೆ, ಅದನ್ನು ಚೆನ್ನಾಗಿ ಓದಿಕೋ: ಫೈಬ್ರೊ ಇದೆ ಅಂದ ಮಾತ್ರಕ್ಕೆ ಬೇರೆ ಕಾಯಿಲೆ ಇಲ್ಲ ಅಂತ ಅರ್ಥವಲ್ಲ. ಎರಡೂ ಒಟ್ಟಿಗೆ ಇರಬಹುದು. ನಿನ್ನ ಡಾಕ್ಟರ್ ಹೊಸ ತೊಂದರೆಯನ್ನು ಹಳೆ ಹೆಸರಿನ ಕೆಳಗೆ ತಳ್ಳಿಬಿಟ್ಟರು ಅನ್ನಿಸುತ್ತದೆ.

ನನಗೂ ಜೋಮು ಬರುತ್ತದೆ. ಆದರೆ ನನ್ನದು ಒಂದು ಕಡೆ ನಿಲ್ಲುವುದಿಲ್ಲ. ಇವತ್ತು ಎಡಗೈ, ನಾಳೆ ಕೆನ್ನೆ, ನಾಡಿದ್ದು ಏನೂ ಇಲ್ಲ. ಮನೆಗೆ ನೆಂಟರು ಬಂದು ಹೋದ ವಾರ ಜಾಸ್ತಿ, ನಿದ್ದೆ ಸರಿಯಾದ ವಾರ ಕಮ್ಮಿ. ನಿನ್ನದು ಪಾದದಲ್ಲಿ ಶುರುವಾಗಿ ಅಲ್ಲೇ ಕೂತಿದೆ, ಆಮೇಲೆ ಬೆರಳಿಗೆ ಬಂದಿದೆ ಅನ್ನುತ್ತೀಯ. ನಾನು ಡಾಕ್ಟರ್ ಅಲ್ಲ, ಆದರೆ ಇದು ನನ್ನ ಜೋಮಿನ ಹಾಗೆ ಇಲ್ಲ. ಇನ್ನೊಬ್ಬರಿಗೆ ತೋರಿಸು.

ನಾಲೆ ಏರಿ

ಮೇಡಂ, ನಾವು ಪಾಂಡವಪುರದ ಕಡೆಯವರು. ನನ್ನ ತಮ್ಮನಿಗೆ ಎಂಎಸ್ ಇದೆ. ಅವನ ಕಥೆ ಹೇಳುತ್ತೇನೆ, ನಿಮ್ಮದಕ್ಕೆ ಹೋಲಿಸಿ ನೋಡಿ. ಹೆದರಿಸುವುದಕ್ಕಲ್ಲ.

ಅವನಿಗೆ ಆಗ 27. ಒಂದು ದಿನ ಬಲಗಣ್ಣು ಆಚೆ ಈಚೆ ತಿರುಗಿಸಿದರೆ ನೋವು ಅಂದ. ಧೂಳು ಬಿದ್ದಿರಬೇಕು ಅಂದುಕೊಂಡೆವು. ಎರಡು ದಿನಕ್ಕೆ ಆ ಕಣ್ಣು ಮಂಜಾಯಿತು. ಮನೆ ಮುಂದೆ ನಿಲ್ಲಿಸಿದ್ದ ಟ್ರ್ಯಾಕ್ಟರ್ ನೋಡಿ "ಅಣ್ಣ, ಈ ಕಣ್ಣಲ್ಲಿ ಕೆಂಪು ಟ್ರ್ಯಾಕ್ಟರ್ ಇಟ್ಟಿಗೆ ಬಣ್ಣ ಕಾಣಿಸ್ತದೆ" ಅಂದ. ಒಂದೊಂದೇ ಕಣ್ಣು ಮುಚ್ಚಿ ತೋರಿಸಿದ. ಆ ಮಾತು ನನಗೆ ಇವತ್ತಿಗೂ ಕಿವಿಯಲ್ಲಿದೆ. ಕಣ್ಣಿನವರು ಡ್ರಾಪ್ಸ್ ಕೊಟ್ಟರು, ತಿಂಗಳೊಳಗೆ ತಾನಾಗಿ ಸರಿಹೋಯಿತು, ನಾವು ಮರೆತೆವು. ಒಂದು ವರ್ಷ ಕಳೆದು ಎಡಗಾಲು ಎಳೆಯತೊಡಗಿತು. ಕುತ್ತಿಗೆ ಬಗ್ಗಿಸಿದರೆ ಬೆನ್ನಿನಲ್ಲಿ ಕರೆಂಟ್ ಹೊಡೆದ ಹಾಗೆ ಕಾಲಿನವರೆಗೂ ಇಳಿಯುತ್ತದೆ ಅಂದ. ಒಂದು ಕಡೆ ನರ ವೀಕ್‌ನೆಸ್ ಅಂದರು, ಇನ್ನೊಂದು ಕಡೆ ಸ್ಪಾಂಡಿಲೋಸಿಸ್ ಅಂದರು, ಪಟ್ಟಿ ಹಾಕಿಸಿದರು. ಕಣ್ಣಿನ ವಿಷಯವನ್ನು ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಕಣ್ಣಿಗೂ ಕಾಲಿಗೂ ಏನು ಸಂಬಂಧ ಅಂತ ನಮಗೇನು ಗೊತ್ತು. ಕೊನೆಗೆ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋದೆವು. ಅಲ್ಲಿ ಒಬ್ಬರು ಚಿಕ್ಕ ವಯಸ್ಸಿನ ಡಾಕ್ಟರಮ್ಮ ಮೊದಲು ಕೇಳಿದ್ದೇ "ಮುಂಚೆ ಯಾವತ್ತಾದರೂ ಕಣ್ಣು ಮಂಜಾಗಿತ್ತಾ" ಅಂತ. ಒಂದೂವರೆ ವರ್ಷ ಸುತ್ತಿದ್ದಕ್ಕೆ ಆ ಒಂದು ಪ್ರಶ್ನೆಯಲ್ಲಿ ದಾರಿ ಸಿಕ್ಕಿತು.

ಅವರು ವಿವರಿಸಿದ್ದು ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ನರದ ಮೇಲೆ ಮಯಲಿನ್ ಅಂತ ಹೊದಿಕೆ ಇರುತ್ತದೆ. ಪಂಪ್‌ಸೆಟ್ ವೈರಿನ ಮೇಲಿನ ರಬ್ಬರ್ ಇದ್ದ ಹಾಗೆ. ಮೈ ಕಾಯಬೇಕಾದ ಶಕ್ತಿಯೇ ಮೆದುಳು, ಬೆನ್ನುಹುರಿ, ಕಣ್ಣಿನ ನರದಲ್ಲಿ ಅಲ್ಲಲ್ಲಿ ಆ ರಬ್ಬರನ್ನು ಕಡಿದು ಹಾಕುತ್ತದೆ. ಕಡಿದ ಜಾಗ ಯಾವುದೋ, ತೊಂದರೆಯೂ ಆ ಅಂಗಕ್ಕೇ. ಅದಕ್ಕೇ ಎಂಎಸ್‌ನಲ್ಲಿ ತೊಂದರೆ ಒಂದು ಜಾಗ ಹಿಡಿದು ಬರುತ್ತದೆ. ಬಂದರೆ 24 ಗಂಟೆಗಿಂತ ಹೆಚ್ಚು ಇರುತ್ತದೆ, ಎಷ್ಟೋ ಸಲ ವಾರಗಟ್ಟಲೆ, ಆಮೇಲೆ ಪೂರ್ತಿಯೋ ಅರ್ಧವೋ ಇಳಿಯುತ್ತದೆ, ಮತ್ತೆ ಬೇರೆ ಕಡೆ ಬರುತ್ತದೆ. ಐದು ನಿಮಿಷ ಬಂದು ಹೋಗುವ ಜೋಮನ್ನು ಅವರು ಅಟ್ಯಾಕ್ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬಿಸಿಗೆ ಜಾಸ್ತಿಯಾಗುತ್ತದೆ. ನನ್ನ ತಮ್ಮ ಏಪ್ರಿಲ್ ಬಿಸಿಲಲ್ಲಿ ಕಬ್ಬಿನ ಗದ್ದೆಗೆ ಹೋದರೆ ಹಳೆ ಕಣ್ಣು ಮತ್ತೆ ಮಂಜಾಗುತ್ತದೆ, ನೆರಳಿಗೆ ಬಂದು ತಣ್ಣೀರು ಹಾಕಿಕೊಂಡರೆ ಇಳಿಯುತ್ತದೆ.

ನಿಮಗೆ ಕಣ್ಣಿನ ತೊಂದರೆ ಯಾವತ್ತಾದರೂ ಬಂದಿತ್ತಾ? ಒಂದು ವಸ್ತು ಎರಡಾಗಿ ಕಾಣಿಸಿದ್ದು? ಒಂದು ಕಾಲು ಮಾತ್ರ ಸೋತಿದ್ದು? ಮೂತ್ರ ತಡೆಯಲಾಗದೆ ಓಡುವುದು? ಇವೆಲ್ಲಾ ಇಲ್ಲದಿದ್ದರೆ ಧೈರ್ಯವಾಗಿರಿ, ಆದರೂ ನರದವರಿಗೆ ಒಮ್ಮೆ ತೋರಿಸಿ. ತಮ್ಮ ಈಗ ಔಷಧಿ ತಗೊಂಡು ಕೆಲಸಕ್ಕೆ ಹೋಗುತ್ತಿದ್ದಾನೆ, ಹೋದ ವರ್ಷ ಮದುವೆಯೂ ಆಯಿತು.

ಮಂಡ್ಯ ಟೀಚರ್

ಅಕ್ಕ, ಅಣ್ಣ, ತುಂಬಾ ಧನ್ಯವಾದ. ಅಕ್ಕ, ನಿಮ್ಮ ಮೊದಲ ಸಾಲು ಓದಿ ಕಣ್ಣಲ್ಲಿ ನೀರು ಬಂತು.

ಕಣ್ಣಿನ ತೊಂದರೆ ಯಾವತ್ತೂ ಇಲ್ಲ. ಎರಡಾಗಿ ಕಾಣಿಸಿಲ್ಲ. ಕುತ್ತಿಗೆ ಬಗ್ಗಿಸಿದಾಗ ಕರೆಂಟ್ ಹೊಡೆದ ಹಾಗೆ ಆಗುವುದು ಮಾತ್ರ ಎರಡು ಮೂರು ಸಲ ಆಗಿದೆ, ಪೇಪರ್ ತಿದ್ದುವಾಗ. ಅದನ್ನು ಓದಿ ಎದೆ ಧಸಕ್ ಅಂದಿತು.

ಇನ್ನೆರಡು ವಿಷಯ ಇದೆ. ಸಣ್ಣದು ಅಂತ ಡಾಕ್ಟರಿಗೂ ಹೇಳಿರಲಿಲ್ಲ. ಬೆಳಗ್ಗೆ ಮುಖಕ್ಕೆ ಸೋಪು ಹಾಕಿ ಕಣ್ಣು ಮುಚ್ಚಿದರೆ ಮೈ ಹಿಂದಕ್ಕೆ ವಾಲುತ್ತದೆ. ಬಿದ್ದೇಬಿಡುತ್ತೇನೆ ಅನ್ನಿಸಿ ನಲ್ಲಿ ಹಿಡಿದುಕೊಳ್ಳುತ್ತೇನೆ. ಕಣ್ಣು ಬಿಟ್ಟರೆ ಸರಿ. ಮತ್ತೆ ಹೋದ ತಿಂಗಳು ಬಸ್ ಸ್ಟ್ಯಾಂಡಿನಲ್ಲಿ ಒಬ್ಬರು ಅಜ್ಜಿ ಕೂಗಿ "ಮಗಾ, ನಿನ್ ಚಪ್ಲಿ ಅಲ್ಲೇ ಬಿದ್ದದೆ ನೋಡು" ಅಂದರು. ತಿರುಗಿ ನೋಡಿದರೆ ಒಂದು ಚಪ್ಪಲಿ ನಾಲ್ಕು ಹೆಜ್ಜೆ ಹಿಂದೆ ಇತ್ತು. ಕಾಲಿಂದ ಜಾರಿದ್ದು ನನಗೆ ಗೊತ್ತೇ ಆಗಿರಲಿಲ್ಲ.

ಸರಸ್ವತಿಪುರಂ ಫಿಸಿಯೋ

ಟೀಚರ್, ನಾನು ಮೈಸೂರಿನಲ್ಲಿ ಹದಿನಾರು ವರ್ಷದಿಂದ ಫಿಸಿಯೋಥೆರಪಿಸ್ಟ್. ಕಾಯಿಲೆಗೆ ಹೆಸರಿಡುವುದು ಡಾಕ್ಟರ ಕೆಲಸ, ನಾನು ಇಡುವುದಿಲ್ಲ. ಆದರೆ ನೀವು ಸಣ್ಣದು ಅಂದ ಆ ಎರಡು ವಿಷಯವೇ ನೀವು ಬರೆದಿದ್ದರಲ್ಲೆಲ್ಲಾ ದೊಡ್ಡದು. ಸೋಪು ಹಾಕಿದಾಗ ವಾಲುವುದು, ಚಪ್ಪಲಿ ಜಾರಿದ್ದು ಗೊತ್ತಾಗದಿರುವುದು, ಇವೆರಡೂ ಫೈಬ್ರೊಮಯಾಲ್ಜಿಯದ ಲಕ್ಷಣ ಅಂತ ಬಿಡುವಂಥವಲ್ಲ.

ಯಾಕೆ ಅಂತ ಹೇಳುತ್ತೇನೆ. ನಾವು ನಿಲ್ಲುವುದಕ್ಕೆ ಮೂರು ಸಹಾಯ ಬೇಕು. ಕಣ್ಣು, ಕಿವಿಯೊಳಗಿನ ಬ್ಯಾಲೆನ್ಸ್ ಭಾಗ, ಮತ್ತೆ ಪಾದ ಎಲ್ಲಿದೆ ಅಂತ ಮೆದುಳಿಗೆ ಸುದ್ದಿ ಒಯ್ಯುವ ನರಗಳು. ಪಾದದ ಸುದ್ದಿ ಬೆನ್ನುಹುರಿಯ ಹಿಂಭಾಗದಲ್ಲಿ ಮೇಲಕ್ಕೆ ಹೋಗುತ್ತದೆ. ಆ ದಾರಿ ಹಾಳಾದರೆ ಕಣ್ಣಿನ ಸಹಾಯದಿಂದ ಹೇಗೋ ನಿಂತಿರುತ್ತೀರಿ. ಕಣ್ಣು ಮುಚ್ಚಿದ ಕೂಡಲೇ ವಾಲುತ್ತೀರಿ. ಡಾಕ್ಟರು ಇದನ್ನೇ ಕಾಲು ಜೋಡಿಸಿ ನಿಲ್ಲಿಸಿ, ಕಣ್ಣು ಮುಚ್ಚಿಸಿ ನೋಡುತ್ತಾರೆ, ರಾಂಬರ್ಗ್ ಪರೀಕ್ಷೆ ಅಂತ. ನೀವು ದಿನಾ ಬೆಳಗ್ಗೆ ವಾಶ್ ಬೇಸಿನ್ ಮುಂದೆ ಅದನ್ನೇ ಮಾಡಿಕೊಳ್ಳುತ್ತಿದ್ದೀರಿ. ನೀವಾಗಿ ಒಬ್ಬರೇ ನಿಂತು ಪರೀಕ್ಷೆ ಮಾಡಲು ಹೋಗಬೇಡಿ, ಬಿದ್ದು ಪೆಟ್ಟಾಗುತ್ತದೆ.

ನೀವು ಕೇಳಿದ ಪ್ರಶ್ನೆಗೆ ಬರುತ್ತೇನೆ. ಸುಸ್ತು, ಜೋಮು, ಉರಿ, ಮರೆವು ಎರಡರಲ್ಲೂ ಇರುತ್ತವೆ, ಬಾಯಲ್ಲಿ ಹೇಳಿದರೆ ಎರಡೂ ಒಂದೇ ಥರ ಕೇಳಿಸುತ್ತವೆ. ವ್ಯತ್ಯಾಸ ಸಿಗುವುದು ಮೈ ಮುಟ್ಟಿ ನೋಡಿದಾಗ. ಒಂದು ಸುತ್ತಿಗೆ, ಬಡಿದರೆ ಗುಂಯ್ ಅಂತ ಅದುರುವ ಒಂದು ಟ್ಯೂನಿಂಗ್ ಫೋರ್ಕ್, ಒಂದು ಪಿನ್ನು, ಒಂದಿಷ್ಟು ಹತ್ತಿ. ಇಪ್ಪತ್ತು ನಿಮಿಷದ ಕೆಲಸ. ಬರೀ ಫೈಬ್ರೊ ಇದ್ದರೆ ಸುತ್ತಿಗೆಯಿಂದ ಮೊಣಕಾಲಿಗೆ ತಟ್ಟಿದಾಗ ಕಾಲು ಮಾಮೂಲಾಗಿ ಹಾರುತ್ತದೆ, ಎರಡೂ ಕಡೆ ಒಂದೇ ಸಮ. ಪಾದದ ಅಡಿ ಗೀರಿದರೆ ಹೆಬ್ಬೆರಳು ಕೆಳಗೆ ಬಾಗುತ್ತದೆ. ಬೆನ್ನುಹುರಿಗೋ ಮೆದುಳಿಗೋ ಏಟಾಗಿದ್ದರೆ ಹೆಬ್ಬೆರಳು ಮೇಲಕ್ಕೆ ಏಳುತ್ತದೆ, ಮೊಣಕಾಲು ಜೋರಾಗಿ ಹಾರುತ್ತದೆ. ಪಾದದ ನರ ಹಾಳಾಗಿದ್ದರೆ ಹಿಮ್ಮಡಿಯ ಮೇಲೆ ತಟ್ಟಿದಾಗ ಏನೂ ಆಗುವುದಿಲ್ಲ. ಇದರಲ್ಲಿ ರೋಗಿ ನಟಿಸಲು ಆಗುವುದಿಲ್ಲ, ಡಾಕ್ಟರು ಊಹೆಯನ್ನೂ ಮಾಡಬೇಕಿಲ್ಲ. ಶಕ್ತಿಯದ್ದೂ ಹಾಗೆ. ನೋವಿಗೆ ಕೈ ಬಿಡುವುದು ಬೇರೆ, ಶಕ್ತಿ ಇಲ್ಲದೆ ಬಿಡುವುದು ಬೇರೆ. ನೋವಿರುವವರು ಮೊದಲ ಎರಡು ಸೆಕೆಂಡ್ ಪೂರ್ತಿ ಶಕ್ತಿ ಹಾಕಿ ಆಮೇಲೆ ಬಿಟ್ಟುಬಿಡುತ್ತಾರೆ. ನರ ಸೋತವರು ಮೊದಲಿನಿಂದಲೇ ಹಾಕಲಾರರು.

ನೇರವಾಗಿ ಎಂಆರ್‌ಐ ಮಾಡಿಸಿಬಿಡಲಾ ಅಂದಿರಿ. ಪರೀಕ್ಷೆ ಮಾಡದೆ ತೆಗೆಸಿದ ಎಂಆರ್‌ಐ ಎಷ್ಟೋ ಸಲ ದಾರಿ ತಪ್ಪಿಸುತ್ತದೆ. ಮೈಗ್ರೇನ್ ಇರುವವರಿಗೆ, ಬಿಪಿ ಇರುವವರಿಗೆ, ವಯಸ್ಸಾದವರಿಗೆ ಮೆದುಳಲ್ಲಿ ಸಣ್ಣ ಬಿಳಿ ಚುಕ್ಕೆ ಕಾಣುವುದು ಮಾಮೂಲು. ಅದನ್ನು ನೋಡಿ ಎಂಎಸ್ ಅಂತ ತಪ್ಪಾಗಿ ಹೇಳಿಸಿಕೊಂಡವರಲ್ಲಿ ಮೈಗ್ರೇನ್, ಫೈಬ್ರೊ ಇರುವವರು ಎಷ್ಟೋ ಜನ ಇದ್ದಾರೆ. ಇನ್ನೊಂದು ಕಡೆ, ಮೆದುಳು ತೆಗೆಸಿ ನಾರ್ಮಲ್ ಅಂದುಕೊಂಡಿರುತ್ತೀರಿ, ತೊಂದರೆ ಕುತ್ತಿಗೆಯ ಹುರಿಯಲ್ಲಿರುತ್ತದೆ. ಎಲ್ಲಿ ತೆಗೆಸಬೇಕು ಅನ್ನುವುದನ್ನು ಸುತ್ತಿಗೆ ಹೇಳಬೇಕು.

ನರದ ಕರೆಂಟ್ ಟೆಸ್ಟ್, ಅಂದರೆ ಎನ್‌ಸಿಎಸ್, ಅದೂ ದೊಡ್ಡ ನರಗಳನ್ನು ಮಾತ್ರ ನೋಡುತ್ತದೆ. ಉರಿ, ಬಿಸಿ, ನೋವು ಒಯ್ಯುವ ಸಣ್ಣ ನರಗಳು ಅದರಲ್ಲಿ ಸಿಗುವುದಿಲ್ಲ. ಅವು ಹಾಳಾಗಿದ್ದರೆ ರಾತ್ರಿ ಪಾದ ಉರಿಯುತ್ತಿರುತ್ತದೆ, ಟೆಸ್ಟ್ ಮಾತ್ರ ನಾರ್ಮಲ್. ಅದಕ್ಕೆ ಚರ್ಮದ ಒಂದು ಚೂರು ತೆಗೆದು ನೋಡುವ ಬಯಾಪ್ಸಿ ಬೇರೆ ಇದೆ. ಫೈಬ್ರೊ ಅಂತ ಹೇಳಿಸಿಕೊಂಡ ಕೆಲವರಲ್ಲಿ ಈ ಸಣ್ಣ ನರಗಳೂ ಕಮ್ಮಿ ಇರುವುದು ಕಂಡಿದೆ. ಹಾಗಾಗಿ ಎರಡರ ನಡುವೆ ಗೋಡೆ ಕಟ್ಟಿದ ಹಾಗೆ ಗೆರೆ ಇಲ್ಲ.

ಕುತ್ತಿಗೆ ಬಗ್ಗಿಸಿದಾಗಿನ ಕರೆಂಟ್ ಬಗ್ಗೆ. ಅದು ಎಂಎಸ್‌ಗೆ ಮಾತ್ರ ಬರುವುದಲ್ಲ. ಕುತ್ತಿಗೆಯ ಡಿಸ್ಕ್ ಹುರಿಯನ್ನು ಒತ್ತುತ್ತಿದ್ದರೂ ಬರುತ್ತದೆ, ಬಿ12 ಅನ್ನುವ ವಿಟಮಿನ್ ಕಮ್ಮಿಯಾದರೂ ಬರುತ್ತದೆ. ಈಗ ನನ್ನ ಪ್ರಶ್ನೆ. ನೀವು ಸಸ್ಯಾಹಾರಿಯಾ? ದಿನಾ ಗ್ಯಾಸ್ ಮಾತ್ರೆ ತಗೊಳ್ಳುತ್ತೀರಾ? ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್? ಹೊಟ್ಟೆಯ ಆಪರೇಶನ್ ಏನಾದರೂ? ಮತ್ತೆ ಬೆರಳ ಜೋಮು ಎಲ್ಲಾ ಬೆರಳಿಗಾ, ಇಲ್ಲ ಹೆಬ್ಬೆರಳಿಂದ ಉಂಗುರ ಬೆರಳಿನ ಅರ್ಧದವರೆಗಾ? ಕಿರುಬೆರಳು ಬಿಟ್ಟು ಮಿಕ್ಕಿದ್ದು ಹಿಡಿಯುತ್ತಾ, ರಾತ್ರಿ ಎಚ್ಚರವಾಗಿ ಕೈ ಕೊಡವಿದರೆ ಇಳಿಯುತ್ತದೆ ಅಂದರೆ ಅದು ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರುವುದು, ಬೇರೆಯದೇ ಕಥೆ.

ಮಂಡ್ಯ ಟೀಚರ್

ಸರ್, ನಾವು ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ಹಾಲು ಕಾಫಿಗೆ ಮಾತ್ರ, ಮಜ್ಜಿಗೆ ಊಟಕ್ಕೆ ಸ್ವಲ್ಪ. ಗ್ಯಾಸ್ ಮಾತ್ರೆ ನಾಲ್ಕು ವರ್ಷದಿಂದ ದಿನಾ ಬೆಳಗ್ಗೆ ಖಾಲಿ ಹೊಟ್ಟೆಗೆ ಒಂದು. ಒಂದು ತಿಂಗಳಿಗೆ ಬರೆದುಕೊಟ್ಟಿದ್ದು, ಆಮೇಲೆ ನಾನೇ ಮೆಡಿಕಲ್ ಸ್ಟೋರಿನಲ್ಲಿ ತಗೊಂಡು ಮುಂದುವರಿಸಿದೆ. ಶುಗರ್ ಇಲ್ಲ. ಬೆರಳು ಎಲ್ಲವೂ ಜೋಮು, ಕಿರುಬೆರಳೂ ಸೇರಿ, ಎರಡೂ ಕೈ. ಬಿ12 ಯಾವತ್ತೂ ಮಾಡಿಸಿಲ್ಲ. ಹಿಮೋಗ್ಲೋಬಿನ್ 12 ಇದೆ, ಚೆನ್ನಾಗಿದೆ ಅಂದಿದ್ದರು. ರಕ್ತ ಚೆನ್ನಾಗಿದ್ದರೆ ಬಿ12 ಕಮ್ಮಿ ಇರಲು ಸಾಧ್ಯವಾ?

ಸರಸ್ವತಿಪುರಂ ಫಿಸಿಯೋ

ಸಾಧ್ಯ. ರಕ್ತ ಚೆನ್ನಾಗಿದ್ದೂ ನರ ಹಾಳಾಗಬಹುದು. ಅದೂ ಫೋಲಿಕ್ ಆಸಿಡ್ ಮಾತ್ರೆ ತಗೊಳ್ಳುತ್ತಿದ್ದರೆ ರಕ್ತ ಸರಿಹೋದ ಹಾಗೆ ಕಾಣುತ್ತದೆ, ನರ ಒಳಗೊಳಗೇ ಹಾಳಾಗುತ್ತಾ ಹೋಗುತ್ತದೆ. ಬಿ12 ಸಿಗುವುದು ಮಾಂಸ, ಮೀನು, ಮೊಟ್ಟೆ, ಹಾಲಿನಲ್ಲಿ. ಸೊಪ್ಪು, ಕಾಳು, ರಾಗಿಯಲ್ಲಿ ಇಲ್ಲ. ಆಹಾರದಿಂದ ಅದನ್ನು ಬಿಡಿಸಿಕೊಳ್ಳಲು ಹೊಟ್ಟೆಯ ಆಸಿಡ್ ಬೇಕು, ಗ್ಯಾಸ್ ಮಾತ್ರೆ ಆ ಆಸಿಡನ್ನೇ ತಡೆಯುತ್ತದೆ. ನಿಮ್ಮದರಲ್ಲಿ ಎರಡೂ ಸೇರಿದೆ.

ನನಗೆ ಗೊತ್ತು, ಈಗಲೇ ಮೆಡಿಕಲ್ ಸ್ಟೋರಿಗೆ ಹೋಗಿ ಬಿ ಕಾಂಪ್ಲೆಕ್ಸ್ ತಗೊಳ್ಳೋಣ ಅನ್ನಿಸುತ್ತದೆ. ಬೇಡ. ಮೊದಲು ರಕ್ತ ಕೊಡಿ. ಮಾತ್ರೆ ನುಂಗಿದ ಮೇಲೆ ಟೆಸ್ಟ್ ಮಾಡಿಸಿದರೆ ಅಂಕಿ ಮೇಲೆ ಕಾಣುತ್ತದೆ, ಆಮೇಲೆ ಯಾರಿಗೂ ಏನೂ ತಿಳಿಯುವುದಿಲ್ಲ. ಮಾಮೂಲಾಗಿ 200ಕ್ಕಿಂತ ಕೆಳಗಿದ್ದರೆ ಕಮ್ಮಿ ಅನ್ನುತ್ತಾರೆ. 200ರಿಂದ 300ರ ನಡುವೆ ಬಂದರೆ ಹೋಮೋಸಿಸ್ಟೀನ್ ಮುಂತಾದ ಇನ್ನೊಂದು ಟೆಸ್ಟ್ ನೋಡಿ ತೀರ್ಮಾನ ಮಾಡುತ್ತಾರೆ. ನಿಮ್ಮ ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲಾಗಲಿ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಾಗಲಿ ಮೊದಲು ಜನರಲ್ ಮೆಡಿಸಿನ್ ಓಪಿಡಿಗೆ ಹೋಗಿ, ಅಲ್ಲಿಂದ ಬೇಕಾದರೆ ನರದವರಿಗೆ ಕಳಿಸುತ್ತಾರೆ. ಹೋಗುವಾಗ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ: ಯಾವಾಗ ಶುರು, ಎಲ್ಲಿ ಶುರು, ಎಲ್ಲಿಗೆ ಹೋಯಿತು. ಸೋಪಿನ ವಿಷಯ, ಚಪ್ಪಲಿ ವಿಷಯ ಮೊದಲ ಎರಡು ಸಾಲಲ್ಲಿ ಇರಲಿ. ನೋವಿನ ಬಗ್ಗೆ ಆಮೇಲೆ.

ಇದನ್ನು ಓದುತ್ತಿರುವ ಬೇರೆಯವರಿಗೂ ಹೇಳುತ್ತೇನೆ. ಮೂತ್ರ ಕಟ್ಟಿಕೊಂಡರೆ, ಕೂರುವ ಜಾಗ ಮರಗಟ್ಟಿದರೆ, ಎರಡೂ ಕಾಲಿನ ಶಕ್ತಿ ದಿನದಿಂದ ದಿನಕ್ಕೆ ಹೋಗುತ್ತಾ ಮೇಲಕ್ಕೆ ಏರಿದರೆ, ಬಾಯಿ ಒಂದು ಕಡೆ ವಾಲಿದರೆ, ಮಾತು ತೊದಲಿದರೆ, ನುಂಗಲು ಆಗದಿದ್ದರೆ, ಓಪಿಡಿ ದಿನ ಕಾಯಬೇಡಿ. ಆಗಲೇ ಎಮರ್ಜೆನ್ಸಿಗೆ ಹೋಗಿ.

ಮದ್ದೂರು ರಿಟೈರ್ಡ್

ಮಧ್ಯೆ ಬಂದೆ, ಕ್ಷಮಿಸಿ. ನನಗೆ 64. ಹನ್ನೆರಡು ವರ್ಷದಿಂದ ಶುಗರ್, ಮೆಟ್‌ಫಾರ್ಮಿನ್ ದಿನಕ್ಕೆ ಎರಡು. ಅಂಗಾಲು ಉರಿ. ಶುಗರ್ ಇರುವವರಿಗೆ ಇದು ಇದ್ದದ್ದೇ ಅಂತ ಬಿಟ್ಟಿದ್ದೆ. ನಾನೂ ಬಿ12 ನೋಡಿಸಬೇಕಾ?

ಸರಸ್ವತಿಪುರಂ ಫಿಸಿಯೋ

ನೋಡಿಸಿ ಸರ್, ಖಂಡಿತ. ಶುಗರ್‌ನಿಂದ ಬರುವ ಉರಿ, ಬಿ12 ಕಮ್ಮಿಯಾಗಿ ಬರುವ ಉರಿ, ಎರಡೂ ಪಾದದಲ್ಲೇ ಶುರುವಾಗುತ್ತವೆ. ಮೆಟ್‌ಫಾರ್ಮಿನ್ ತುಂಬಾ ವರ್ಷ ತಗೊಂಡರೆ ಬಿ12 ಇಳಿಯುತ್ತದೆ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ದಿನಾ ರಾತ್ರಿ ಅಂಗಾಲು ನೋಡಿಕೊಳ್ಳಿ, ಬಗ್ಗಲು ಆಗದಿದ್ದರೆ ಕನ್ನಡಿ ಇಟ್ಟು ನೋಡಿ, ಗಾಯ ಆಗಿದ್ದು ಗೊತ್ತಾಗದೇ ಇರಬಹುದು.

ಮಂಡ್ಯ ಟೀಚರ್ (ಆರು ವಾರದ ನಂತರ)

ಎಲ್ಲರಿಗೂ ಏನಾಯಿತು ಅಂತ ಹೇಳಲೇಬೇಕು.

ಒಬ್ಬರು ಫಿಸಿಷಿಯನ್ ಹತ್ತಿರ ಹೋದೆ. ಹಾಳೆ ಕೊಟ್ಟೆ. ಮೊದಲ ಎರಡು ಸಾಲು ಓದಿ ತಲೆ ಎತ್ತಿ ನೋಡಿದರು, ಚಪ್ಪಲಿ ಬಿಚ್ಚಿ ಮಂಚದ ಮೇಲೆ ಮಲಗಿ ಅಂದರು. ಉದ್ದ ಕಾಲಿನ ಫೋರ್ಕ್ ಒಂದನ್ನು ಅಂಗೈಗೆ ಬಡಿದು ನನ್ನ ಹೆಬ್ಬೆರಳ ಮೂಳೆಯ ಮೇಲೆ ಇಟ್ಟು, ಗುಂಯ್ ಅಂತ ಗೊತ್ತಾಗುತ್ತಾ ಅಂದರು. ಇಲ್ಲ ಅಂದೆ. ಅದು ಬಾರಿಸುತ್ತಲೇ ಇಲ್ಲ ಅಂದುಕೊಂಡಿದ್ದೆ ನಾನು. ಮತ್ತೆ ಬಡಿದು ಕಾಲಿನ ಗಿಣ್ಣಿನ ಮೇಲೆ ಇಟ್ಟರು, ಏನೋ ಸ್ವಲ್ಪ. ಮೊಣಕಾಲಲ್ಲಿ ಗೊತ್ತಾಯಿತು. ಆಮೇಲೆ ಅದನ್ನೇ ಕತ್ತಿನ ಕೆಳಗಿನ ಮೂಳೆಯ ಮೇಲೆ ಇಟ್ಟರು. ಎದೆಗೂಡೆಲ್ಲಾ ಗುಂಯ್ ಅಂದಿತು. ಆಗ ಗೊತ್ತಾಯಿತು, ಅದು ಅಷ್ಟು ಹೊತ್ತೂ ಬಾರಿಸುತ್ತಲೇ ಇತ್ತು, ನನ್ನ ಕಾಲಿಗೆ ಕೇಳುತ್ತಿರಲಿಲ್ಲ. ಅಲ್ಲೇ ಅತ್ತುಬಿಟ್ಟೆ. ಅತ್ತೆ ಪಕ್ಕದಲ್ಲೇ ನಿಂತಿದ್ದರು, ಏನೂ ಮಾತಾಡದೆ ನನ್ನ ಪಾದ ಹಿಡಿದುಕೊಂಡರು.

ಕಣ್ಣು ಮುಚ್ಚಿ ನಿಲ್ಲಿಸಿದಾಗ ವಾಲಿದೆ. ಬಿ12 ಬಂದಿದ್ದು 118. ನರದವರಿಗೂ ಕಳಿಸಿದರು. ಅವರು ಕುತ್ತಿಗೆಯ ಎಂಆರ್‌ಐ ಮಾಡಿಸಿದರು, ಹುರಿಯ ಹಿಂಭಾಗದಲ್ಲಿ ಉದ್ದಕ್ಕೆ ಒಂದು ಗುರುತು ಇದೆ, ಬಿ12 ಕಮ್ಮಿಯಾದಾಗ ಹೀಗೇ ಬರುತ್ತದೆ ಅಂದರು. ಮೆದುಳಿನದ್ದೂ ತೆಗೆದರು, ಅಲ್ಲಿ ಏನೂ ಇಲ್ಲ, ಎಂಎಸ್ ಅನ್ನಲು ಯಾವ ಆಧಾರವೂ ಇಲ್ಲ ಅಂದರು. ಇಂಜೆಕ್ಷನ್ ಶುರುವಾಗಿದೆ, ಮೊದಲು ದಿನ ಬಿಟ್ಟು ದಿನ, ಈಗ ವಾರಕ್ಕೊಂದು. ಗ್ಯಾಸ್ ಮಾತ್ರೆ ನಿಧಾನಕ್ಕೆ ಬಿಡಿಸುತ್ತಿದ್ದಾರೆ. ಹೊಟ್ಟೆಯೇ ಬಿ12 ಹೀರಿಕೊಳ್ಳುತ್ತಿಲ್ಲವಾ ಅಂತ ನೋಡಲು ಇನ್ನೊಂದು ರಕ್ತ ಪರೀಕ್ಷೆಗೆ ಕಳಿಸಿದ್ದಾರೆ, ರಿಪೋರ್ಟ್ ಬಂದಿಲ್ಲ. ನರ ಸರಿಹೋಗಲು ತಿಂಗಳುಗಟ್ಟಲೆ ಹಿಡಿಯುತ್ತದೆ, ಎಷ್ಟು ಬೇಗ ಶುರು ಮಾಡುತ್ತೇವೋ ಅಷ್ಟು ಒಳ್ಳೆಯದು ಅಂದರು.

ಮೈಕೈ ನೋವು? ಅದು ಹಾಗೇ ಇದೆ. ಅದರ ಬಗ್ಗೆಯೂ ಕೇಳಿದೆ. ಫೈಬ್ರೊ ನಿಮಗೆ ಇದೆ, ಬಿ12 ಸರಿಯಾದರೆ ಅದೂ ಹೋಗುತ್ತದೆ ಅಂತ ನಾನು ಹೇಳುವುದಿಲ್ಲ, ಎರಡಕ್ಕೂ ಬೇರೆ ಬೇರೆ ನೋಡಿಕೊಳ್ಳೋಣ ಅಂದರು. ಸಂಜೆ ಮಾತ್ರೆ ಮುಂದುವರಿದಿದೆ. ಯಾಕೋ ಆ ಮಾತಿನಿಂದ ಸಮಾಧಾನವೇ ಆಯಿತು.

ಕುಕ್ಕರಹಳ್ಳಿ ಅಕ್ಕ

ಓದಿ ಮನಸ್ಸು ತುಂಬಿ ಬಂತು ತಂಗಿ. ನಡೆಯುವುದನ್ನು ಈಗಲೇ ಜೋರು ಮಾಡಬೇಡ, ಪಾದ ಗೊತ್ತಾಗುವವರೆಗೂ ಸಮ ನೆಲದಲ್ಲಿ ನಡಿ, ಬೆಳಕಿರುವಾಗ ನಡಿ. ರಾತ್ರಿ ಬಚ್ಚಲಿಗೆ ಹೋಗುವಾಗ ಲೈಟ್ ಹಾಕಿಕೋ. ಹಿಂದೆ ಪಟ್ಟಿ ಇರುವ ಚಪ್ಪಲಿ ತಗೋ. ಮೈಸೂರಿಗೆ ಬಂದರೆ ಹೇಳು, ಕೆರೆ ಏರಿ ಮೇಲೆ ನಿಧಾನಕ್ಕೆ ಒಂದು ಸುತ್ತು ಹೋಗೋಣ, ನಾನೂ ನಿಧಾನವೇ.

ನಾಲೆ ಏರಿ

ಮೇಡಂ, ಬಹಳ ಸಂತೋಷ. ನಿಮ್ಮದು ಓದಿ ತಮ್ಮನ ಹಳೆ ಫೈಲ್ ತೆಗೆದು ನೋಡಿದೆ. ನಿಮ್ಹಾನ್ಸ್‌ನಲ್ಲಿ ಮೊದಲ ದಿನವೇ ಅವನಿಗೂ ಬಿ12 ಬರೆದಿದ್ದಾರೆ, 410 ಅಂತ ಇದೆ. ಅದನ್ನು ಯಾಕೆ ನೋಡಿದ್ದರು ಅಂತ ಇವತ್ತು ಅರ್ಥವಾಯಿತು.

ಮದ್ದೂರು ರಿಟೈರ್ಡ್

ನನ್ನದು 164 ಬಂದಿದೆ. ಸೋಮವಾರ ಡಾಕ್ಟರ ಹತ್ತಿರ ಹೋಗುತ್ತಿದ್ದೇನೆ. ಟೀಚರಮ್ಮ, ನೀವು ಕೇಳದೇ ಹೋಗಿದ್ದರೆ ನಾನು ಇದನ್ನು ನೋಡಿಸುತ್ತಿರಲಿಲ್ಲ.

ಮಂಡ್ಯ ಟೀಚರ್

ಸರ್, ಹೋಗುವಾಗ ಫೋರ್ಕ್ ಇಟ್ಟು ನೋಡಿ ಅಂತ ಕೇಳಿ. ಅಕ್ಕ, ಪಟ್ಟಿ ಚಪ್ಪಲಿ ನಿನ್ನೆಯೇ ತಗೊಂಡೆ. ಎಡ ಹೆಬ್ಬೆರಳಲ್ಲಿ ಈ ವಾರ ನೆಲದ ತಂಪು ಗೊತ್ತಾಗುತ್ತಿದೆ, ಬಲಗಡೆ ಇನ್ನೂ ಇಲ್ಲ. ಮುಖ ತೊಳೆಯುವಾಗ ಈಗಲೂ ಒಂದು ಕೈಯಲ್ಲಿ ನಲ್ಲಿ ಹಿಡಿದುಕೊಂಡೇ ಇರುತ್ತೇನೆ.